ಅದೇ ದೋಟಿ, ಬೇರೆ ಲೆಕ್ಕ

ಜುಲೈ ಬಂತೆಂದರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೆರಿಗೆ ಲೆಕ್ಕ ನೋಡುವ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಒದ್ದೆ ಕೊಡೆಗಳ ಸಾಲು. ರಿಟರ್ನ್ಸ್ ಹಾಕುವ ಕಾಲ. ಎರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಪಹಣಿ, ಮಂಡಿಯ ಪಟ್ಟಿ, ಪಾಸ್‌ಬುಕ್ಕು. ಪಾಸ್‌ಬುಕ್ಕಿನಲ್ಲಿ ಅಕ್ಟೋಬರಿನಿಂದ ಜನವರಿವರೆಗೆ ಫೋನಿನಲ್ಲಿ ಬಂದ ಸಣ್ಣ ಸಣ್ಣ ಮೊತ್ತಗಳು, ಪುಟಗಟ್ಟಲೆ.

"ಇದೆಲ್ಲ ಏನು?" ಎಂದೆ.

"ದೋಟಿ ದುಡ್ಡು ಸಾರ್. ನಾನು, ನಮ್ಮ ಭಾವ, ಇನ್ನಿಬ್ಬರು ಹುಡುಗರು ಸೇರಿ ಊರವರ ತೋಟದಲ್ಲಿ ಕೊನೆ ತೆಗೀತೀವಿ. ಅದೂ ಅಡಿಕೆ ದುಡ್ಡೇ ಅಲ್ವಾ?"

ಅಲ್ಲ. ದೋಟಿ ಅಂದರೆ ಅಡಿಕೆಯ ಗೊನೆ (ನಮ್ಮ ಕಡೆ ಕೊನೆ ಅನ್ನುತ್ತಾರೆ) ಕೊಯ್ಯುವ ಉದ್ದನೆಯ ಕೋಲು. ಸ್ವಂತ ತೋಟದ ಅಡಿಕೆಯನ್ನು ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅಷ್ಟೂ ಕೃಷಿ ಆದಾಯ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ಬೆಳೆಗಾರ ಸಾಮಾನ್ಯವಾಗಿ ಏನು ಮಾಡುತ್ತಾನೋ ಅದನ್ನೂ ಕಾನೂನು ಕೃಷಿಯೊಳಗೇ ಸೇರಿಸಿದೆ. ಅದಕ್ಕೆ ಆದಾಯ ತೆರಿಗೆ ಇಲ್ಲ. (ಬೇರೆ ಆದಾಯ ಜಾಸ್ತಿ ಇದ್ದವರಿಗೆ ತೆರಿಗೆಯ ದರ ಲೆಕ್ಕ ಹಾಕುವಾಗ ಇದೂ ಎಣಿಕೆಗೆ ಬರುತ್ತದೆ, ಅದು ಬೇರೆ ವಿಷಯ.) ಅದೇ ದೋಟಿ ಹೆಗಲಿಗಿಟ್ಟು ಬೇಲಿ ದಾಟಿದಿರೋ, ಅದು ವ್ಯವಹಾರದ ಆದಾಯ. ಬೇರೆಯವರ ತೋಟದ ಫಸಲನ್ನು ಮರದ ಮೇಲೇ ಚೇಣಿ (ಗುತ್ತಿಗೆ) ಹಿಡಿದು ಕೊಯ್ಯುವವರದ್ದೂ ಇದೇ ಕಥೆ. ಅವರು ಬೆಳೆದವರಲ್ಲ, ಕೊಂಡವರು.

ತಮಾಷೆ ಇರುವುದು ಮುಂದೆ. ಜಿಎಸ್‌ಟಿಯಲ್ಲಿ ಪ್ರತಿ ಸೇವೆಗೂ ಒಂದು ಸಂಖ್ಯೆ ಇದೆ, ಎಲ್ಲವೂ 99ರಿಂದ ಶುರು. ಕೃಷಿಗೆ ನೆರವಾಗುವ ಕೆಲಸಗಳದ್ದು 9986. ಕೊಯ್ಲಿಗೆ ತೆರಿಗೆ ವಿನಾಯಿತಿ ಇದೆ, ಆದರೆ ಹೆಸರು ಸೇವೆಯೇ. ಸರ್ಕಾರದ ಉದ್ಯೋಗ ಸಮೀಕ್ಷೆಯವರು ಇದೇ ಮನುಷ್ಯನ ಮನೆಗೆ ಬಂದರೆ ಅವರ ವರ್ಗೀಕರಣದಲ್ಲಿ ಈ ಕೆಲಸ ಕೃಷಿ. ಒಬ್ಬನೇ ಆಳು, ಒಂದೇ ದೋಟಿ, ಮೂರು ಕಡೆ ಮೂರು ಹೆಸರು. "ದೇಶ ಕೃಷಿಯಿಂದ ಸೇವೆಗೆ ಹೊರಳಿದೆ" ಅಂತ ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ಆ ಪಾಸ್‌ಬುಕ್ಕು.

ಹಿಂದೆ ಈ ಕೆಲಸ ಕೊನೆಗಾರನದ್ದು. ಮರ ಹತ್ತಿ, ತುದಿಯಲ್ಲೇ ತೂಗಿ ಪಕ್ಕದ ಮರ ಹಿಡಿದು, ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಬಿಡುತ್ತಿದ್ದ. ಅವನಿಗೆ ಕೂಲಿ, ಊಟ, ಕವಳ. ಸುಲಿಯುವ ಕೆಲಸಕ್ಕೆ ಎಷ್ಟೋ ಕಡೆ ಮುಯ್ಯಾಳು: ಇವತ್ತು ನಿಮ್ಮನೆ ಅಂಗಳ, ನಾಳೆ ನಮ್ಮನೆ. ದುಡ್ಡೇ ಓಡಾಡದ ಕಡೆ ಬರೆಯುವುದೇನು? ಯಾವ ಅಂಕಿ ಅಂಶಕ್ಕೂ ಆ ಕೆಲಸ ಸೇವೆಯಾಗಿ ಕಾಣಲಿಲ್ಲ. ಈಗ ಮರ ಹತ್ತುವವರು ಕಡಿಮೆ. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ಒಂದು ದೋಟಿಗೆ ಹಾಕಿದ ದುಡ್ಡು ಹುಟ್ಟಬೇಕಾದರೆ ಒಂದೂವರೆ ಎಕರೆಯ ಸ್ವಂತ ತೋಟ ಸಾಲದು. ಹಾಗಾಗಿ ನಾಲ್ಕು ಜನರ ತಂಡ, ಫೋನಿನಲ್ಲಿ ಬುಕಿಂಗ್.

ಪುಸ್ತಕದ ದಾರಿ ಬೇರೆ. ದೇಶ ಬೆಳೆದಂತೆ ಜನ ಹೊಲದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಸೇವೆಗೆ ಹೋಗುತ್ತಾರೆ ಅಂತ ಅರ್ಥಶಾಸ್ತ್ರಜ್ಞ ಕಾಲಿನ್ ಕ್ಲಾರ್ಕ್ 1940ರಲ್ಲೇ ವಿವರಿಸಿದ್ದರು. ನಮ್ಮ ದೇಶದಲ್ಲಿ ದುಡ್ಡು ಹೊರಟುಹೋಯಿತು, ಜನ ಉಳಿದರು. ದೇಶದ ಒಟ್ಟು ಉತ್ಪನ್ನದಲ್ಲಿ ಕೃಷಿಯ ಪಾಲು ಸುಮಾರು 18%ಕ್ಕೆ ಇಳಿದಿದೆ, ಸೇವೆಯದ್ದು ಅರ್ಧಕ್ಕೂ ಜಾಸ್ತಿ. 2023-24ರ ಸಮೀಕ್ಷೆಯಲ್ಲಿ ಕೆಲಸ ಮಾಡುವ 100 ಜನರಲ್ಲಿ 46 ಜನ ಇನ್ನೂ ಕೃಷಿಯಲ್ಲೇ ಇದ್ದರು.

ಕಾರ್ಖಾನೆಯ ಮೆಟ್ಟಿಲು ನಮಗೆ ಇರಲಿಲ್ಲ ಅಂತಲ್ಲ. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಅಲ್ಲಿನ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಮತ್ತೆ ನಡೆಸುವ ಮಾತು ಆಗಾಗ ಕೇಳುತ್ತದೆ.

ಅಂಥ ಕಾರ್ಖಾನೆಯೊಂದು ಜೋರಾಗಿ ನಡೆಯುತ್ತಿದ್ದಾಗ ಅದರ ಡ್ರೈವರು, ಕಾವಲುಗಾರ, ಕ್ಯಾಂಟೀನಿನ ಅಡಿಗೆಯವರು ಎಲ್ಲರೂ ಕಾರ್ಖಾನೆಯ ನೌಕರರೇ, ಲೆಕ್ಕದಲ್ಲಿ ಕೈಗಾರಿಕೆಯೇ. ಗುತ್ತಿಗೆಗೆ ಕೊಟ್ಟ ದಿನದಿಂದ ಅದೇ ಗೇಟಿನಲ್ಲಿ ನಿಲ್ಲುವ ಕಾವಲುಗಾರ ಸೇವಾ ವಲಯದವನು. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1984ರಲ್ಲೇ ಈ ಸೀಳಿಕೆಯ ಬಗ್ಗೆ ಬರೆದಿದ್ದಾರೆ. ನನ್ನ ಹತ್ತಿರ ಬರುವವರಲ್ಲಿ ಅಪ್ಪ ಕಾರ್ಖಾನೆಯ ಜೀಪು ಓಡಿಸುತ್ತಿದ್ದ, ಮಗ ಕಂಪನಿಯೊಂದಕ್ಕೆ ಬಾಡಿಗೆ ಕಾರು ಓಡಿಸುವ ಒಂದು ಮನೆಯಿದೆ. ಅಪ್ಪನಿಗೆ ಕ್ವಾರ್ಟರ್ಸ್, ಪಿಎಫ್, ಆಸ್ಪತ್ರೆ ಇತ್ತು. ಮಗನಿಗೆ ಕಾರಿನ ಕಂತಿದೆ. ಸೇವೆ ಬೆಳೆಯಿತು ಅನ್ನುವ ಅಂಕಿಯಲ್ಲಿ ಈ ವ್ಯತ್ಯಾಸ ಎಲ್ಲೂ ಕಾಣುವುದಿಲ್ಲ. ಸೇವೆಯೆಲ್ಲ ಸುಮ್ನೆ ಹೆಸರು ಬದಲಾಯಿಸಿದ್ದು ಅಂತ ನಾನು ಹೇಳುತ್ತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮೂರಿನ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಅಲ್ಲಿಗೆ ಓಡುವ ಟ್ಯಾಕ್ಸಿ ಹೊಸ ಕೆಲಸವೇ.

ದೋಟಿಯವರಿಗೆ ನಾನು ಹೇಳಿದ್ದು ಇಷ್ಟೇ: ಎರಡು ನೋಟ್‌ಬುಕ್ ಇಡಿ, ದೋಟಿ ದುಡ್ಡು ಬೀಳಲು ಬೇರೆ ಖಾತೆ ತೆರೆಯಿರಿ. ಈ ಜುಲೈಯಲ್ಲಿ ಬಂದರು. ಒಂದರ ಮೇಲೆ "ನಮ್ದು", ಇನ್ನೊಂದರ ಮೇಲೆ "ಬೇರೆಯೋರ್ದು" ಅಂತ ಬರೆದಿತ್ತು. ಮೂರನೆಯದೂ ಇತ್ತು. ಹಳೇ ಅಡಿಕೆ ಮನೆಯನ್ನು ಎರಡು ರೂಮು ಮಾಡಿ ಹೋಂ ಸ್ಟೇ ಶುರುಮಾಡಿದ್ದಾರೆ. ತೋಟದೊಳಗೇ ಇದ್ದರೂ ಆ ಬಾಡಿಗೆ ಕೃಷಿ ಆದಾಯವಲ್ಲ ಎಂದೆ.

"ಗೊತ್ತು ಸಾರ್. ಆದ್ರೆ ಗೆಸ್ಟಿಗೆ ಬಡಿಸೋ ಅಕ್ಕಿ ನಮ್ಮ ಗದ್ದೇದೇ."

ಅಕ್ಕಿಗೆ ಮಾರುಕಟ್ಟೆ ಬೆಲೆ ಹಿಡಿದು ಹೋಂ ಸ್ಟೇ ಖರ್ಚಿಗೆ ಬರೆಯಿರಿ, ಅಷ್ಟು ಮೊತ್ತ ನಿಮ್ಮ ಕೃಷಿಯದ್ದು ಎಂದು ವಿವರಿಸಿದೆ. ಬರೆದುಕೊಂಡರು. ಪೆನ್ನು ಮುಚ್ಚುವ ಮೊದಲು ಕೇಳಿದರು:

"ಪತ್ರೊಡೆ ಮಾಡಿದ್ವಲ್ಲ, ಹಿತ್ಲಲ್ಲಿ ತಾನಾಗೇ ಬೆಳೆದ ಕೆಸುವಿನ ಸೊಪ್ಪು. ಅದಕ್ಕೆ ಯಾವ ಸಂತೆ ಬೆಲೆ ಹಿಡಿಯೋದು ಸಾರ್?"