ಹೆಡ್‌ಫೋನಿನಲ್ಲಿ ಗುದ್ದುವ ಕಿಕ್, ಮೊಬೈಲಿನಲ್ಲಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಹೌಸ್, ಟೆಕ್ನೋ ಶೈಲಿಯ ಸಂಗೀತ ಮಾಡುತ್ತೇನೆ. ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ಮಿನ ಪೆಟ್ಟು) ಒಂದನ್ನೇ ಹೆಡ್‌ಫೋನಿನಲ್ಲಿ ಕೇಳಿದರೆ ಗಟ್ಟಿಯಾಗಿ ಗುದ್ದುತ್ತದೆ. ಬೇಸ್ ಸಿಂಥ್, ಅಂದರೆ ವಿದ್ಯುನ್ಮಾನವಾಗಿ ಹುಟ್ಟಿಸಿದ ಕೆಳಸ್ವರದ ಪದರ, ಸೇರಿಸಿದ ಕೂಡಲೇ ಸೊರಗುತ್ತದೆ. ಮೊಬೈಲಿನಲ್ಲಂತೂ ಕೇಳುವುದೇ ಇಲ್ಲ. ಈಕ್ವಲೈಸರ್‌ನಲ್ಲಿ ಕೆಳಭಾಗವನ್ನು ಎಷ್ಟು ಏರಿಸಿದರೂ ಪ್ರಯೋಜನವಾಗಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಈಕ್ವಲೈಸರನ್ನು ತೆಗೆದುಬಿಡಿ. ಮೊಬೈಲಿನ ಪುಟ್ಟ ಸ್ಪೀಕರು 200 ಹರ್ಟ್ಜ್‌ಗಿಂತ ಕೆಳಗಿನ ಧ್ವನಿಯನ್ನು ಹೆಚ್ಚುಕಡಿಮೆ ಹೊರಡಿಸುವುದೇ ಇಲ್ಲ. ನಿಮ್ಮ ಕಿಕ್‌ನ ಬುಡ ಇರುವುದು 50ರ ಆಸುಪಾಸಿನಲ್ಲಿ. ಅಲ್ಲಿ ಎಷ್ಟು ಸುರಿದರೂ ಫೋನಿಗೆ ಅದು ಸೊನ್ನೆಯೇ. ಮೇಲಾಗಿ, ಆ ಕೇಳದ ಭಾರವನ್ನು ತಡೆಯಲು ಲಿಮಿಟರ್ (ಸದ್ದು ಮಿತಿ ಮೀರದಂತೆ ಅದುಮುವ ಸಾಧನ) ದುಡಿಯತೊಡಗಿದರೆ ಉಳಿದ ವಾದ್ಯಗಳೂ ಅದರೊಂದಿಗೆ ಅದುಮಿಹೋಗುತ್ತವೆ. ಬೇರೆಯವರ ಕಿಕ್ ಅದೇ ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದಲ್ಲ, ಅಲ್ಲಿ ನಿಮ್ಮ ಕಿವಿಗೆ ಬೀಳುತ್ತಿರುವುದು ಮುಖ್ಯವಾಗಿ ಅದರ ಮೊದಲ 50 ಮಿಲಿಸೆಕೆಂಡು. ಕೆಲಸ ನಡೆಯಬೇಕಾದದ್ದು ಅಲ್ಲಿ.

ಇದನ್ನು ಅರ್ಥಮಾಡಿಕೊಳ್ಳಲು ಎರಡು ಹಳೆಯ ಡ್ರಮ್ ಯಂತ್ರಗಳನ್ನು, ಅಂದರೆ ಡ್ರಮ್ಮಿನ ಸದ್ದನ್ನು ವಿದ್ಯುತ್ತಿನಿಂದ ಹೊರಡಿಸುವ ಪೆಟ್ಟಿಗೆಗಳನ್ನು, ನೋಡಿದರೆ ಸಾಕು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಅನ್ನೂ 1983ರಲ್ಲಿ ಟಿಆರ್-909 ಅನ್ನೂ ಮಾರುಕಟ್ಟೆಗೆ ತಂದಿತು. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಎಂದು ಆಗ ಹಲವರು ಮೂಗು ಮುರಿದರು. ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿದ ಪೆಟ್ಟಿಗೆಗಳನ್ನು ಷಿಕಾಗೊ, ಡೆಟ್ರಾಯಿಟ್‌ನ ಹುಡುಗರು ಅಗ್ಗಕ್ಕೆ ಕೊಂಡು ಹೌಸ್, ಟೆಕ್ನೋಗಳನ್ನು ಕಟ್ಟಿದರು. 808ರ ಕಿಕ್ ಎಂದರೆ ವಿದ್ಯುತ್ತಿನ ಒಂದು ಪೆಟ್ಟು ಬಿದ್ದೊಡನೆ ಸುಮಾರು 50 ಹರ್ಟ್ಜ್‌ನಲ್ಲಿ ರಿಂಗಣಿಸುವ ಒಂದು ಸರ್ಕ್ಯೂಟು. ಉದ್ದನೆಯ ಬಾಲ, ಮೆತ್ತನೆಯ ತಲೆ. 909ರಲ್ಲಿ ಎರಡು ಭಾಗಗಳಿವೆ: ಮೇಲಿನಿಂದ ಥಟ್ಟನೆ ಕೆಳಗಿಳಿಯುವ ಸ್ವರ ಒಂದು, ಅದರ ಮುಂದೆ ಚಿಟಿಕೆಯಷ್ಟು ಸದ್ದಿನ ಕ್ಲಿಕ್ ಇನ್ನೊಂದು. ನೃತ್ಯ ಸಂಗೀತದ ಕಿಕ್ ಎಂದು ನಾವು ಇವತ್ತು ಕೇಳುವ ಬಹುಪಾಲು ಸದ್ದು ಈ 909ರ ಮಕ್ಕಳು, ಮೊಮ್ಮಕ್ಕಳೇ.

ಸ್ವರ ಯಾಕೆ ಇಳಿಯಬೇಕು? ಯಾವ ಚರ್ಮವಾದ್ಯವಾದರೂ ಸರಿ, ಬಲವಾಗಿ ಬಡಿದಾಗ ಚರ್ಮ ಒಂದು ಕ್ಷಣ ಹೆಚ್ಚು ಬಿಗಿಯಾಗುತ್ತದೆ, ಆಮೇಲೆ ಸಡಿಲಗೊಳ್ಳುತ್ತದೆ. ಶ್ರುತಿಯೂ ಹಾಗೆಯೇ ತುಸು ಮೇಲಿಂದ ಕೆಳಕ್ಕೆ ಜಾರುತ್ತದೆ. ಡೊಳ್ಳಿನ ಪೆಟ್ಟನ್ನು ಹತ್ತಿರ ನಿಂತು ಕೇಳಿದವರ ಕಿವಿಗೆ ಇದು ಪರಿಚಿತ. ಜೋರಾಗಿ ಹೊಡೆದದ್ದು ಎಂದು ಕಿವಿ ತಿಳಿಯುವುದು ಈ ಜಾರುವಿಕೆಯಿಂದಲೂ ಹೌದು. ಸಿಂಥ್‌ನಲ್ಲಿ ನಾವು ಇದನ್ನೇ ಬಹಳ ಉತ್ಪ್ರೇಕ್ಷಿಸಿ ಮಾಡುತ್ತೇವೆ.

ಈಗ ತಯಾರಿ. ವೈಟಲ್ ಎಂಬ ಸಿಂಥ್‌ನ ಉಚಿತ ಆವೃತ್ತಿ ಸಾಕು. ಸರ್ಜ್ ಎಕ್ಸ್‌ಟಿ ಪೂರ್ಣ ಉಚಿತ. ಒಂದು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ), ಸೈನ್ ತರಂಗ (ಹಾರ್ಮೋನಿಕ್‌ಗಳಿಲ್ಲದ ಶುದ್ಧ ಸ್ವರ), ಸುಮಾರು 50 ಹರ್ಟ್ಜ್. ಒಂದು ಎನ್ವಲಪ್ (ಕಾಲಕ್ಕೆ ತಕ್ಕಂತೆ ಏರಿಳಿಸುವ ಗೆರೆ) ತೆಗೆದುಕೊಂಡು ಅದರಿಂದ ಪಿಚ್ಚನ್ನು 36 ಸೆಮಿಟೋನ್, ಅಂದರೆ ಮೂರು ಸ್ಥಾಯಿ ಮೇಲಕ್ಕೆ ತಳ್ಳಿ. ಆಗ ಸ್ವರ 400 ಹರ್ಟ್ಜ್‌ನಲ್ಲಿ ಹುಟ್ಟಿ 50ಕ್ಕೆ ಇಳಿಯುತ್ತದೆ. ಇಳಿಯುವ ಕಾಲ 50ರಿಂದ 80 ಮಿಲಿಸೆಕೆಂಡು ಇರಲಿ. ಇಳಿಜಾರಿನ ಆಕಾರ ತುಂಬಾ ಮುಖ್ಯ: ಮೊದಲು ಕಡಿದಾಗಿ ಬಿದ್ದು ಆಮೇಲೆ ನಿಧಾನವಾಗಬೇಕು. ನೇರ ಗೆರೆಯಲ್ಲಿ ಇಳಿಸಿದರೆ ಮಕ್ಕಳ ಆಟಿಕೆ ಬಂದೂಕಿನಂತೆ 'ಪಿಯೂಂ' ಎನ್ನುತ್ತದೆ. ಎಷ್ಟೋ ಕಿಕ್‌ಗಳು ಕೆಡುವುದು ಇಲ್ಲಿಯೇ. ಆಮೇಲೆ ಯಾವ ಪ್ಲಗಿನ್ ಹಾಕಿದರೂ ರಿಪೇರಿಯಾಗುವುದಿಲ್ಲ.

ಜೊತೆಗೆ ಆಸಿಲೇಟರ್‌ನ ಫೇಸ್ (ತರಂಗ ಶುರುವಾಗುವ ಬಿಂದು) ಪಕ್ಕದಲ್ಲಿ ರ್‍ಯಾಂಡಮ್ ಎಂಬ ನಾಬ್ ಇದ್ದರೆ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ತರಂಗ ಪ್ರತಿ ಹೊಡೆತಕ್ಕೂ ಬೇರೆ ಬೇರೆ ಬಿಂದುವಿನಿಂದ ಶುರುವಾಗಿ, ಒಂದು ಕಿಕ್ ಗಡಸಾಗಿ, ಮುಂದಿನದು ಮಂಕಾಗಿ ಕೇಳುತ್ತದೆ. ತಲೆಯ ಮೇಲೆ ಐದು ಮಿಲಿಸೆಕೆಂಡಿನ ನಾಯ್ಸ್ ಅಥವಾ ಹೈ-ಹ್ಯಾಟ್‌ನ ಒಂದು ತುಣುಕು ಇಟ್ಟರೆ ಕ್ಲಿಕ್ ಆಯಿತು. ಅದನ್ನು ಕಡಿಮೆ ಇಡಿ. ಬೇರೆಯಾಗಿ ಗುರುತಿಸುವಷ್ಟು ಕೇಳಿದರೆ ಅದು ಹೆಚ್ಚಾಗಿದೆ.

ಇಷ್ಟಾದರೂ 50ರ ಬಾಲ ಫೋನಿನಲ್ಲಿ ಬರುವುದಿಲ್ಲ, ನಿಜ. ಅಲ್ಲಿ ಸ್ವಲ್ಪ ಸ್ಯಾಚುರೇಶನ್, ಅಂದರೆ ತರಂಗದ ತುದಿಗಳನ್ನು ಅದುಮುವುದು, ಬೇಕು. ಸೈನ್ ತರಂಗದ ಮೇಲ್ತುದಿ, ಕೆಳತುದಿಗಳನ್ನು ಒಂದೇ ಪ್ರಮಾಣದಲ್ಲಿ ಚಪ್ಪಟೆ ಮಾಡಿದರೆ ಮೂಲದ ಮೂರು, ಐದು, ಏಳು ಪಟ್ಟಿನ ಮೇಲಿನ ಸ್ವರಗಳು, ಅಂದರೆ ಹಾರ್ಮೋನಿಕ್‌ಗಳು, ಹುಟ್ಟುತ್ತವೆ: 150, 250, 350 ಹರ್ಟ್ಜ್. ಇವುಗಳಲ್ಲಿ ಮೇಲಿನವು ಫೋನಿನಲ್ಲಿ ಕೇಳುತ್ತವೆ; ಕೆಳಗಿನ ಮೂಲವನ್ನು ಮಿದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಇದು ಕಟ್ಟುಕಥೆಯಲ್ಲ. ಹಳೆಯ ದೂರವಾಣಿ ತಂತಿಗಳು ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ. ಗಂಡಸರ ಧ್ವನಿಯ ಮೂಲ ಸಾಮಾನ್ಯವಾಗಿ 150ಕ್ಕಿಂತ ಕೆಳಗೆ. ಆದರೂ ಆ ಕಡೆಯ ಗಡಸು ಧ್ವನಿ ಗಡಸಾಗಿಯೇ ಕೇಳುತ್ತಿತ್ತು.

ಇನ್ನು ಬೇಸ್ ಸಿಂಥ್. ನಿಮ್ಮ ದೂರಿನ ಅರ್ಧ ಭಾಗ ಕಿಕ್‌ನದ್ದೇ ಅಲ್ಲ, ಅದರ ಪಕ್ಕದವನದ್ದು. ಕಿಕ್ ಮತ್ತು ಬೇಸ್ ಎರಡೂ 50 ಹರ್ಟ್ಜ್ ಸುತ್ತ ಒಟ್ಟಿಗೆ ನುಡಿದರೆ, ಒಂದು ತರಂಗ ಏರುವಾಗ ಇನ್ನೊಂದು ಇಳಿಯುತ್ತಿರಬಹುದು. ಆಗ ಎರಡೂ ಸೇರಿ ಸಣ್ಣದಾಗುತ್ತವೆ. 50 ಹರ್ಟ್ಜ್‌ನಲ್ಲಿ ಅರ್ಧ ತರಂಗಕ್ಕೆ ಹಿಡಿಯುವುದು ಹತ್ತು ಮಿಲಿಸೆಕೆಂಡು. ಅಷ್ಟು ಹಿಂದುಮುಂದಾದರೆ ಸಾಕು, ಗುದ್ದು ಮಾಯ. ಬೇಸ್‌ಗೆ ಯುನಿಸನ್ ಹಾಕಿ (ಒಂದೇ ಸ್ವರದ ಹಲವು ಪ್ರತಿಗಳು) ಡಿಟ್ಯೂನ್ ಮಾಡಿದ್ದರೆ (ಅವುಗಳ ಶ್ರುತಿಯನ್ನು ತುಸು ಬೇರೆ ಮಾಡಿದ್ದರೆ) ಇನ್ನೂ ಕಷ್ಟ: 50 ಮತ್ತು 50.5 ಹರ್ಟ್ಜ್‌ನ ಎರಡು ಸ್ವರಗಳು ಎರಡು ಸೆಕೆಂಡಿಗೊಮ್ಮೆ ಪರಸ್ಪರ ಅಳಿಸಿಕೊಳ್ಳುತ್ತವೆ. ಕೆಲವು ಕಿಕ್ ಚೆನ್ನಾಗಿದ್ದು ಕೆಲವು ಇಲ್ಲವೆನಿಸುವುದು ಇದರಿಂದಲೂ ಇರಬಹುದು. ಆದ್ದರಿಂದ ಬೇಸನ್ನು ಎರಡಾಗಿ ಒಡೆಯಿರಿ. ಕೆಳಗೆ ಒಂದೇ ಒಂದು ಸೈನ್, ಮೋನೋದಲ್ಲಿ. ಮೇಲೆ, 120 ಹರ್ಟ್ಜ್‌ನಿಂದಾಚೆಗೆ, ಸಾ (ಗರಗಸದ ಹಲ್ಲಿನ ಆಕಾರದ) ತರಂಗ, ಡಿಟ್ಯೂನ್, ಫಿಲ್ಟರ್ ಎನ್ವಲಪ್, ನಿಮ್ಮ ಮನಸ್ಸಿಗೆ ಬಂದದ್ದೆಲ್ಲ.

ಜಾಗ ಬಿಡಿಸುವ ಇನ್ನೊಂದು ದಾರಿ ಕಾಲದಲ್ಲಿದೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ವೇಗದಲ್ಲಿ ಒಂದು ಕಿಕ್‌ನಿಂದ ಇನ್ನೊಂದಕ್ಕೆ 469 ಮಿಲಿಸೆಕೆಂಡು, ನಡುವಿನ ಆಫ್‌ಬೀಟ್‌ಗೆ ಸುಮಾರು 234. ಕಿಕ್‌ನ ಬಾಲ 220ರೊಳಗೆ ಮುಗಿದು, ಬೇಸ್ ಆಫ್‌ಬೀಟ್‌ನಲ್ಲಿ ಶುರುವಾಗಿ ಮುಂದಿನ ಕಿಕ್‌ಗೆ ಮೊದಲೇ ನಿಂತರೆ ಸೈಡ್‌ಚೈನ್ (ಕಿಕ್ ಬಿದ್ದಾಗ ಬೇರೆ ಸದ್ದನ್ನು ತಾನಾಗಿ ತಗ್ಗಿಸುವ ಉಪಾಯ) ಕೂಡ ಬೇಡ. ಬೇಸ್ ನಿರಂತರವಾಗಿದ್ದರೆ ಮಾತ್ರ ಸೈಡ್‌ಚೈನ್ ಹಾಕಿ, ಅದೂ ಕೆಳಗಿನ ಸೈನ್‌ಗೆ ಪೂರ್ತಿ, ಮೇಲಿನ ಪದರಕ್ಕೆ ಸ್ವಲ್ಪ. ಇಡೀ ಟ್ರ್ಯಾಕ್ ಉಬ್ಬಸಪಡುವಂತೆ ಎಲ್ಲದಕ್ಕೂ ಹಾಕುವುದು ಒಂದು ಶೈಲಿ, ಸರಿ. ಆದರೆ ನಿಮ್ಮ ಸಮಸ್ಯೆಗೆ ಅದು ಔಷಧವಲ್ಲ.

ಕಿಕ್ಕನ್ನು ಹಾಡಿನ ಶ್ರುತಿಗೆ ಕೂಡಿಸಬೇಕೇ ಎಂದು ಮುಂದೆ ಕೇಳುತ್ತೀರಿ. ಬಾಲ ಉದ್ದವಿದ್ದರೆ ಕೂಡಿಸಿ: ಎಫ್ ಎಂದರೆ 43.7, ಜಿ ಎಂದರೆ 49, ಎ ಎಂದರೆ 55 ಹರ್ಟ್ಜ್. ಬಾಲ ಚಿಕ್ಕದಿದ್ದರೆ ಕಿವಿಗೆ ಅದರ ಸ್ವರ ಹಿಡಿಯುವಷ್ಟು ಹೊತ್ತೇ ಸಿಗುವುದಿಲ್ಲ. ಈ ವಿಷಯಕ್ಕೆ ಅನಗತ್ಯ ಮಹತ್ವ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಮಲಗುವ ಕೋಣೆಯಲ್ಲಿ ಸ್ಪೀಕರ್ ಇಟ್ಟು ಬೇಸ್ ಅಳೆಯಬೇಡಿ. 50 ಹರ್ಟ್ಜ್‌ನ ತರಂಗ ಸುಮಾರು 6.9 ಮೀಟರ್ ಉದ್ದ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅದು ಮೂಲೆಯಲ್ಲಿ ಗುಂಯ್‌ಗುಡುತ್ತದೆ, ನಡುವೆ ಕುಳಿತರೆ ಕಾಣೆಯಾಗುತ್ತದೆ. ಹೆಡ್‌ಫೋನೇ ವಾಸಿ. ಇಷ್ಟವಾದ ಒಂದು ಟ್ರ್ಯಾಕನ್ನು ಪಕ್ಕದಲ್ಲಿಟ್ಟುಕೊಂಡು, ಎರಡರ ಜೋರನ್ನೂ ಸಮ ಮಾಡಿಕೊಂಡು, ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ 40ರಿಂದ 250ರವರೆಗೆ ಹೋಲಿಸಿ. ಅನಂತರ ಮೊಬೈಲಿಗೆ ಹಾಕಿಕೊಳ್ಳಿ, ಅದರಲ್ಲಿರುವ ಬೇಸ್ ಬೂಸ್ಟ್ ಆಫ್ ಮಾಡಿ, ಬೇಸ್ ಸಿಂಥ್ ಇಲ್ಲದೆ ಒಮ್ಮೆ, ಬೇಸ್ ಸಿಂಥ್ ಸಹಿತ ಒಮ್ಮೆ ಕೇಳಿ. ಮೊದಲ ಸಲ ಕಿಕ್ ಕೇಳದಿದ್ದರೆ ಪಿಚ್ ಎನ್ವಲಪ್‌ಗೆ ಹಿಂತಿರುಗಿ. ಎರಡನೆಯ ಸಲ ಮಾತ್ರ ಕೇಳದಿದ್ದರೆ ಬೇಸ್‌ನ ಮೇಲಿನ ಪದರದಲ್ಲಿ 200ರಿಂದ 400ರ ನಡುವೆ ಸ್ವಲ್ಪ ಇಳಿಸಿ.