ಸ್ಲೈಡರ್ ನಿಧಾನಕ್ಕೆ ಓಡಿದರೆ ಟೈಮ್‌ಲ್ಯಾಪ್ಸ್ ಮಸುಕಾಗಲ್ಲ ಅಲ್ವಾ?

ಸ್ಲೈಡರ್ ಅಂದರೆ ಕ್ಯಾಮೆರಾವನ್ನು ಹಳಿಯ ಮೇಲೆ ಮೋಟಾರಿನಿಂದ ಸರಿಸುವ ಸಾಧನ, ಟೈಮ್‌ಲ್ಯಾಪ್ಸ್ ಅಂದರೆ ಬಿಟ್ಟುಬಿಟ್ಟು ತೆಗೆದ ಫೋಟೊಗಳನ್ನು ಜೋಡಿಸಿದ ವಿಡಿಯೋ. ಮತ್ತೆ ಅದೇ ಪ್ರಶ್ನೆ ಬಂದಿದೆ. "ರಾತ್ರಿ ಟೈಮ್‌ಲ್ಯಾಪ್ಸ್‌ಗೆ ಸ್ಲೈಡರನ್ನು ತೀರಾ ನಿಧಾನಕ್ಕಿಟ್ಟು ಓಡಲು ಬಿಟ್ಟಿದ್ದೆ. ಆದರೂ ಮುಂದಿನ ಬಂಡೆ ಮಸುಕು. ಇನ್ನೂ ನಿಧಾನ ಮಾಡಬೇಕಾ?"

ಬೇಡ. ಸ್ಟೆಪ್ ಮೋಡ್‌ಗೆ ಹಾಕಿ. ಕ್ಯಾಮೆರಾ ಸರಿಯಬೇಕು, ನಿಲ್ಲಬೇಕು, ಆಮೇಲೆ ಶಟರ್ ತೆರೆಯಬೇಕು. ಉತ್ತರ ಇಷ್ಟೇ. ಆದರೆ "ನಿಧಾನ ಇದ್ದರೆ ಮಸುಕಿಲ್ಲ" ಅನ್ನುವ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ, ಅದಕ್ಕೇ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

80 ಸೆಂ.ಮೀ. ಸ್ಲೈಡರ್ ಇದೆ ಅಂದುಕೊಳ್ಳಿ. ಸೆಕೆಂಡಿಗೆ 25 ಫ್ರೇಮಿನಂತೆ 10 ಸೆಕೆಂಡಿನ ಕ್ಲಿಪ್ ಬೇಕು, ಅಂದರೆ 250 ಫೋಟೊ. ಒಂದು ಫೋಟೊದಿಂದ ಇನ್ನೊಂದಕ್ಕೆ 3.2 ಮಿ.ಮೀ. ಸರಿತ. ಹಗಲಲ್ಲಿ 5 ಸೆಕೆಂಡಿಗೊಂದು ಫೋಟೊ ತೆಗೆದರೆ ಸುಮಾರು 21 ನಿಮಿಷಕ್ಕೆ ಮುಗಿಯುತ್ತದೆ, ಸೆಕೆಂಡಿಗೆ 0.64 ಮಿ.ಮೀ. ವೇಗ. ರಾತ್ರಿ 25 ಸೆಕೆಂಡಿಗೊಂದು ಅಂದರೆ 1 ಗಂಟೆ 44 ನಿಮಿಷ ಬೇಕು, ವೇಗ 0.128 ಮಿ.ಮೀ. ರಾತ್ರಿಯ ಓಟ ಹಗಲಿಗಿಂತ ಐದು ಪಟ್ಟು ನಿಧಾನ, ಅಲ್ವಾ? ಹಾಗಾದರೆ ರಾತ್ರಿಯದೇ ಜಾಸ್ತಿ ಚೊಕ್ಕ ಬರಬೇಕಿತ್ತು.

ಬರುವುದು ಉಲ್ಟಾ. ಹಗಲಲ್ಲಿ ಶಟರ್ ತೆರೆದಿರುವುದು 1/100 ಸೆಕೆಂಡ್, ಅಷ್ಟರಲ್ಲಿ ಕ್ಯಾಮೆರಾ ಸರಿಯುವುದು 0.0064 ಮಿ.ಮೀ., ಲೆಕ್ಕಕ್ಕೇ ಇಲ್ಲ. ರಾತ್ರಿ 20 ಸೆಕೆಂಡ್ ಎಕ್ಸ್‌ಪೋಶರ್, ಅಷ್ಟರಲ್ಲಿ 2.56 ಮಿ.ಮೀ. ಸರಿದಿರುತ್ತದೆ. ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಕ್ಯಾಮೆರಾ, 24 ಎಂಎಂ ಲೆನ್ಸ್, ಒಂದು ಮೀಟರ್ ದೂರದಲ್ಲಿ ಬಂಡೆ ಇದ್ದರೆ ಅದು ಸುಮಾರು 10 ಪಿಕ್ಸೆಲ್ ಎಳೆದುಕೊಂಡಿರುತ್ತದೆ. ಕಲ್ಲಿನ ಒರಟೆಲ್ಲ ಮಾಯ.

ಮಸುಕನ್ನು ತೀರ್ಮಾನಿಸುವುದು ಮೋಟಾರಿನ ವೇಗ ಒಂದೇ ಅಲ್ಲ. ಎರಡು ಫೋಟೊಗಳ ನಡುವಿನ ಸಮಯದಲ್ಲಿ ಶಟರ್ ಎಷ್ಟು ಪಾಲು ತೆರೆದಿತ್ತು ಅನ್ನುವುದನ್ನು ನೋಡಬೇಕು. ರಾತ್ರಿ ಅದು ಐದರಲ್ಲಿ ನಾಲ್ಕು ಪಾಲು. ಇಂಟರ್ವಲ್ ಅನ್ನು, ಅಂದರೆ ಆ ನಡುವಿನ ಸಮಯವನ್ನು, 50 ಸೆಕೆಂಡಿಗೆ ಏರಿಸಿ ಇನ್ನೂ ನಿಧಾನ ಮಾಡಿದರೆ ಮಸುಕು ಅರ್ಧಕ್ಕಿಳಿಯುತ್ತದೆ, ನಿಜ. ಆದರೆ ಮೂರೂವರೆ ಗಂಟೆ ಕಾಯಬೇಕು, ನಕ್ಷತ್ರಗಳೂ ಫ್ರೇಮಿಂದ ಫ್ರೇಮಿಗೆ ಎರಡರಷ್ಟು ಜಿಗಿಯುತ್ತವೆ. ಸ್ಟೆಪ್ ಮೋಡ್ ಇರುವಾಗ ಇದೆಲ್ಲ ಯಾಕೆ?

ಹಗಲಲ್ಲಿ ಮಾತ್ರ ಧಾರಾಳವಾಗಿ ಕಂಟಿನ್ಯೂಯಸ್ ಆಗಿ, ಅಂದರೆ ಎಲ್ಲೂ ನಿಲ್ಲಿಸದೆ, ಓಡಿಸಿ. ವಿಡಿಯೋಗಂತೂ ಅದೇ ಬೇಕು. ಅಲ್ಲಿ 25 ಫ್ರೇಮಿಗೆ 1/50 ಶಟರ್ ಇಟ್ಟು ಅರ್ಧ ಪಾಲು ಮಸುಕನ್ನು ನಾವೇ ಬೇಕೂಂತ ತರುತ್ತೇವೆ.

ಸ್ಟೆಪ್ ಮೋಡ್ ಹೊಂದಿಸುವಾಗ 20 ಸೆಕೆಂಡ್ ಎಕ್ಸ್‌ಪೋಶರ್, 1 ಸೆಕೆಂಡ್ ಸರಿತ, ಅಲುಗಾಟ ನಿಲ್ಲಲು 2 ಸೆಕೆಂಡ್, ಉಳಿದ 2 ಸೆಕೆಂಡ್ ಕೈಯಲ್ಲಿರಲಿ. ಶಟರ್ ಒತ್ತುವ ಕೆಲಸ ಕೇಬಲ್ ಮೂಲಕ ಸ್ಲೈಡರಿನ ಕಂಟ್ರೋಲರ್‌ಗೇ ಬಿಡಿ. ಕ್ಯಾಮೆರಾದೊಳಗಿನ ಇಂಟರ್ವಲ್ ಟೈಮರನ್ನೂ ಹಚ್ಚಿದರೆ ಎರಡು ಗಡಿಯಾರ ಒಂದಕ್ಕೊಂದು ತಾಳ ತಪ್ಪಿ, ಸರಿಯುವಾಗಲೇ ಶಟರ್ ತೆರೆಯುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಫೋಟೊದ ಕಾಳುಕಾಳನ್ನು ಕ್ಯಾಮೆರಾವೇ ಕಳೆಯುವ ಸೌಲಭ್ಯ) ಆಫ್ ಮಾಡಿ. ಅದು ಪ್ರತಿ ಫೋಟೊ ಆದಮೇಲೆ ಇನ್ನೊಂದು 20 ಸೆಕೆಂಡ್ ತಿನ್ನುತ್ತದೆ, ಎಲ್ಲ ಲೆಕ್ಕವೂ ಕೆಡುತ್ತದೆ.

ಇನ್ನೊಂದು ಮಾತು. ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಚಲನೆ ಸಾಕಾಗಲಿಲ್ಲ ಅಂತ ಎರಡು ಮೀಟರ್ ಸ್ಲೈಡರ್ ಕೊಳ್ಳಲು ಹೊರಡುತ್ತೀರಲ್ಲ, ಮೊದಲು ಚೌಕಟ್ಟಿನಲ್ಲಿ ಏನಿದೆ ನೋಡಿ. ನಂದಿ ಬೆಟ್ಟದ ಮೇಲೆ ನಿಂತು ಎರಡು ಕಿಲೋಮೀಟರ್ ಆಚೆಯ ಗುಡ್ಡಕ್ಕೆ ಇದೇ ಲೆನ್ಸ್ ಹಿಡಿದರೆ, ಇಡೀ 80 ಸೆಂ.ಮೀ. ಓಡಿದರೂ ಆ ಗುಡ್ಡ ಸರಿಯುವುದು ಎರಡು ಪಿಕ್ಸೆಲ್ಲಿಗಿಂತ ಕಡಿಮೆ! ಕ್ಯಾಮೆರಾ ಸರಿಯಿತು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಒಂದು ಮೀಟರ್ ಮುಂದೆ ಒಂದು ಕಲ್ಲೋ ಗಿಡವೋ ಬರಲಿ, ಅದೇ 80 ಸೆಂ.ಮೀ.ನಲ್ಲಿ ಅದು ಅರ್ಧ ಫ್ರೇಮಿಗಿಂತ ಜಾಸ್ತಿ ಸರಿಯುತ್ತದೆ. ಟ್ರೈಪಾಡ್ ತಗ್ಗಿಸಿ, ಬಂಡೆಯ ಮಗ್ಗುಲಿಗೆ ಹೋಗಿ. ಮುಂದೆ ಏನೂ ಸಿಗದ ಜಾಗವಾದರೆ ಸ್ಲೈಡರ್ ಚೀಲದಲ್ಲೇ ಇರಲಿ, ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸುವ ಪ್ಯಾನ್ ಹೆಡ್ ಹಾಕಿ. ತಿರುಗುವಾಗ ದೂರದ್ದೂ ಹತ್ತಿರದ್ದೂ ಒಟ್ಟಿಗೇ ಸರಿಯುತ್ತವೆ. ಹಾಗಾಗಿ ರಾತ್ರಿ ಪ್ಯಾನ್‌ಗೂ ಸ್ಟೆಪ್ ಮೋಡೇ ಬೇಕು, ಇಲ್ಲದಿದ್ದರೆ ಬಂಡೆಯ ಜೊತೆಗೆ ನಕ್ಷತ್ರಗಳೂ ಎಳೆದುಕೊಳ್ಳುತ್ತವೆ.