ಗ್ಯಾಸ್ ಮಾತ್ರೆಗೂ ಮುಟ್ಟಿಗೂ ಏನು ಸಂಬಂಧ?

ನಮ್ಮ ಕೋಲಾರದ ಕಡೆ ಗ್ಯಾಸ್ ಮಾತ್ರೆ ಇಲ್ಲದ ಮನೆ ಕಡಿಮೆ. ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗಿಯರಿಗೆ ಊಟದ ಹೊತ್ತು ಅಂತ ಒಂದು ಇರುವುದಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಹಾಗೇ ಟೊಮೇಟೊ ಬಿಡಿಸಲು ಹೋಗುವ ಹೆಂಗಸರದ್ದೂ ಅದೇ ಪಾಡು. ಎದೆ ಉರಿ, ಹೊಟ್ಟೆ ಉಬ್ಬರ ಶುರುವಾಗುತ್ತದೆ. ಮೆಡಿಕಲ್ ಸ್ಟೋರಲ್ಲಿ ಕೇಳಿದರೆ ಒಂದು ಶೀಟ್ ಕೊಡುತ್ತಾರೆ. ಆರಾಮ ಅನ್ನಿಸುತ್ತದೆ. ಆಮೇಲೆ ಅದೇ ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತದೆ.

ಇವರಲ್ಲೇ ಕೆಲವರು ಸ್ತ್ರೀರೋಗ ತಜ್ಞೆಯಾದ ನನ್ನ ಹತ್ತಿರ ಬೇರೆ ತೊಂದರೆಗೆ ಬರುತ್ತಾರೆ. ಮುಟ್ಟು ತಿಂಗಳು ತಿಂಗಳು ಆಗುತ್ತಿಲ್ಲ. ಬಸುರಿಯಲ್ಲ, ಬಾಣಂತಿಯಲ್ಲ, ಆದರೂ ಎದೆಯಿಂದ ಹಾಲು ಒಸರುತ್ತಿದೆ. ಮದುವೆಯಾಗಿ ವರ್ಷಗಳಾದರೂ ಮಗು ಇಲ್ಲ. ನಮ್ಮ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

“ಬೇರೆ ಯಾವ ಮಾತ್ರೆ ತಗೋತೀಯಮ್ಮ?”

“ಯಾವುದೂ ಇಲ್ಲ ಮೇಡಂ.”

“ಗ್ಯಾಸ್‌ಗೆ?”

“ಅದು ದಿನಾ ತಗೋತೀನಿ.”

ಆ ಶೀಟ್ ತಿರುಗಿಸಿ ಓದಿ. ಬಹಳಷ್ಟು ಮಾತ್ರೆಗಳಲ್ಲಿ ಎರಡು ಔಷಧಿ ಸೇರಿರುತ್ತವೆ. ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಆಸಿಡ್ ಕಡಿಮೆ ಮಾಡುವಂಥದ್ದು. ನಾನು ಹೇಳುತ್ತಿರುವ ತೊಂದರೆ ಅದರದ್ದಲ್ಲ. ಜೊತೆಗಿರುವ ಡೊಂಪೆರಿಡಾನ್ ಅಥವಾ ಲೆವೊಸಲ್ಪಿರೈಡ್ ನೋಡಿ. ಹೊಟ್ಟೆಯಲ್ಲಿರುವುದು ಬೇಗ ಮುಂದೆ ಸಾಗಲಿ ಅಂತ ಇವನ್ನು ಸೇರಿಸುತ್ತಾರೆ.

ಇವು ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಪ್ರೊಲ್ಯಾಕ್ಟಿನ್, ಅಂದರೆ ಹಾಲು ತರಿಸುವ ಹಾರ್ಮೋನು, ಹದ್ದುಬಸ್ತಿನಲ್ಲಿ ಇರುವುದು ಈ ಡೋಪಮೈನ್‌ನಿಂದಲೇ. ಆ ಹಿಡಿತ ತಪ್ಪಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಮಗು ಹಾಲು ಕುಡಿಯುವ ತಿಂಗಳುಗಳಲ್ಲಿ ಎಷ್ಟೋ ತಾಯಂದಿರಿಗೆ ಮುಟ್ಟು ಬರುವುದಿಲ್ಲ, ಅಲ್ವಾ? ಮಗುವೇ ಇಲ್ಲದ ಹೆಣ್ಣಿನಲ್ಲಿ ಮಾತ್ರೆ ಅದೇ ಸ್ಥಿತಿ ತರಬಹುದು. ಆಗ ಅಂಡಾಣು ಬಿಡುಗಡೆ ಆಗುವುದಿಲ್ಲ. ಇದು ಬಹಳ ಕಾಲ ನಡೆದರೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿದು ಮೂಳೆಯೂ ಸವೆಯಬಹುದು. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ಒಂದು ರಕ್ಷಣೆಯ ತಡೆ ಇದೆ, ಹಾಗಾಗಿ ಡೊಂಪೆರಿಡಾನ್ ಮೆದುಳಿನ ಒಳಕ್ಕೆ ಹೋಗುವುದು ತೀರಾ ಕಡಿಮೆ ಅನ್ನುವುದು ನಿಜ. ಆದರೆ ಪಿಟ್ಯುಟರಿ ಆ ರಕ್ಷಣೆಯ ಹೊರಗಿದೆ, ಅಲ್ಲಿಗೆ ಔಷಧಿ ತಲುಪುತ್ತದೆ.

ಮುಟ್ಟು ನಿಂತರೆ ಮೊದಲು ಗರ್ಭ ಪರೀಕ್ಷೆ ಆಗಬೇಕು. ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್. ಬಸುರಿಯಲ್ಲದ ಹೆಂಗಸಿನಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 25 ನ್ಯಾನೊಗ್ರಾಂ ಒಳಗಿರುತ್ತದೆ. ಜಾಸ್ತಿ ಬಂದು, ಗ್ಯಾಸ್ ಮಾತ್ರೆಯೂ ನಡೆಯುತ್ತಿದ್ದರೆ, ಡಾಕ್ಟರನ್ನು ಕೇಳಿ ಮೂರು ದಿನ ಅದನ್ನು ಬಿಟ್ಟು ಮತ್ತೆ ರಕ್ತ ಕೊಡಿ. ಮಾತ್ರೆಯೇ ಕಾರಣವಾಗಿದ್ದರೆ ಸಾಮಾನ್ಯವಾಗಿ ಇಳಿದಿರುತ್ತದೆ, ತಲೆ ಎಂಆರ್‌ಐಗೆ ಸಾವಿರಾರು ರೂಪಾಯಿ ಸುರಿಯುವುದು ತಪ್ಪುತ್ತದೆ. ಇಳಿಯದಿದ್ದರೆ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ ಎಂದು ನೋಡಲು ಸ್ಕ್ಯಾನ್ ಬೇಕಾಗಬಹುದು, ಆಗ ಮುಂದೂಡಬೇಡಿ.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ಒಂದು ವಿಷಯಕ್ಕೆ. ಪ್ರೊಲ್ಯಾಕ್ಟಿನ್ ಇಳಿಸಲು ಒಂದು ಮಾತ್ರೆ, ಅದನ್ನು ಏರಿಸುವ ಗ್ಯಾಸ್ ಮಾತ್ರೆ ಇನ್ನೊಂದು, ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ಅಷ್ಟರಲ್ಲಿ ಮನೆಯಲ್ಲಿ ಸೊಸೆಗೆ “ಬಂಜೆ” ಅನ್ನುವ ಮಾತು ಬಿದ್ದಾಗಿರುತ್ತದೆ.

ಡೊಂಪೆರಿಡಾನ್ ಸಾಮಾನ್ಯವಾಗಿ ಒಂದು ವಾರ ದಾಟಬಾರದು ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಹೇಳಿದೆ. ಅದಕ್ಕೆ ಕಾರಣ ಹೃದಯದ ಬಡಿತದ ಏರುಪೇರು. ಮುಟ್ಟಿನ ದೃಷ್ಟಿಯಿಂದಲೂ ಅದು ಒಳ್ಳೆಯ ಮಿತಿ ಎಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ಯಾವ ಕಾರಣಕ್ಕೂ ನೀವಾಗೇ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಿದರೆ ಬಹಳ ಕಷ್ಟ. ಮನೋವೈದ್ಯರಿಗೆ ಹೇಳಿ, ಬದಲಿ ಔಷಧಿಗಳಿವೆ.

ಇಷ್ಟು ಗೊತ್ತಿರುವ ವಿಷಯ ಜನರಿಗೆ ಏಕೆ ತಲುಪಿಲ್ಲ? ಮುಟ್ಟಿನ ಬಗ್ಗೆ ಕೇಳುವ ಅಭ್ಯಾಸವೇ ಔಷಧ ಸಂಶೋಧನೆಯಲ್ಲಿ ಕಡಿಮೆ. ಬಸುರಿಯರು ನುಂಗಿದ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಭಯ ಇನ್ನೂ ಹಸಿಯಾಗಿದ್ದಾಗ, 1977ರಲ್ಲಿ, ಬಸುರಾಗಬಲ್ಲ ವಯಸ್ಸಿನ ಹೆಂಗಸರನ್ನು ಔಷಧಗಳ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೂಚಿಸಿತು. ಅದು ಬದಲಾಗಿದ್ದು 1993ರಲ್ಲಿ. ಕೋವಿಡ್ ಲಸಿಕೆ ಬಂದಾಗಲೂ ಹೆಂಗಸರೇ “ಡೇಟ್ ಹೆಚ್ಚುಕಮ್ಮಿ ಆಯ್ತು” ಅಂತ ಹೇಳಿದ ಮೇಲೆ ಅಧ್ಯಯನ ನಡೆಯಿತು. ಅಮೆರಿಕದ ಸುಮಾರು 4,000 ಹೆಂಗಸರ ಮುಟ್ಟಿನ ದಾಖಲೆ ನೋಡಿದ ವರದಿ 2022ರಲ್ಲಿ ಬಂತು. ಒಂದು ಡೋಸ್‌ಗೆ ಸರಾಸರಿ ಒಂದು ದಿನಕ್ಕಿಂತ ಕಡಿಮೆ ತಡವಾಗಿತ್ತು, ಅಷ್ಟೇ. ಮೊದಲೇ ಕೇಳಿದ್ದರೆ ಎಷ್ಟೋ ಜನರ ಭಯ ತಪ್ಪುತ್ತಿತ್ತು.

ನಮ್ಮ ದೇಶದಲ್ಲಿ ಔಷಧಿಯ ಅಡ್ಡಪರಿಣಾಮ ದಾಖಲಿಸಲು 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮವಿದೆ. ಡಾಕ್ಟರೇ ಆಗಬೇಕಿಲ್ಲ, ನೀವೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ಹೇಳಬಹುದು. ಮಾತ್ರೆಯ ಹೆಸರು, ಶುರು ಮಾಡಿದ ದಿನ, ಮುಟ್ಟು ತಪ್ಪಿದ ದಿನ ಬರೆದಿಟ್ಟುಕೊಂಡಿರಿ. ನನ್ನಂಥವರ ಹತ್ತಿರ ಬರುವಾಗ ಮನೆಯಲ್ಲಿ ನುಂಗುವ ಎಲ್ಲ ಶೀಟ್‌ಗಳನ್ನೂ ಒಂದು ಕವರಿಗೆ ಹಾಕಿ ತನ್ನಿ. ಅತ್ತೆಯವರ ಡಬ್ಬಿಯಿಂದ ತೆಗೆದುಕೊಂಡದ್ದೂ ಅದರಲ್ಲಿರಲಿ.